ಮೇಜಿನ ಕಾಗದದ ಹೊಲಿಗೆ

ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಶಾರ್ಟ್‌ಹ್ಯಾಂಡ್ ಬರೆದವಳಿಗೆ ಒಂದು ದಿನ ಹೂಗುಚ್ಛ ಕೊಟ್ಟು, ಗೋಡೆ ಗಡಿಯಾರ ಕೊಟ್ಟು, ಇನ್ನು ಮನೆಗೆ ಹೋಗಿ ಆರಾಮಾಗಿರಿ ಅಂದುಬಿಟ್ಟರೆ ಅವಳೇನು ಮಾಡಬೇಕು? ಮಿಂಚಮ್ಮ ಮೂರು ತಿಂಗಳು ಆರಾಮಾಗಿದ್ದು ನೋಡಿದಳು. ಆಗಲಿಲ್ಲ. ಗಂಡ ಪೇಪರು ಓದುತ್ತ ಗೊಣಗಿದ್ದು, ಪಕ್ಕದ ಮನೆಯವರು ಫೋನಿನಲ್ಲಿ ಜಗಳವಾಡಿದ್ದು, ಎಲ್ಲವನ್ನೂ ಅವಳ ತೋರುಬೆರಳು ತನ್ನಷ್ಟಕ್ಕೆ ತಾನೇ ತೊಡೆಯ ಮೇಲೆ ಗೀಚಿಕೊಳ್ಳುತ್ತಿತ್ತು. "ಎಲ್ಲಾದ್ರೂ ಒಂದು ಕೆಲಸ ಹುಡುಕ್ಕೊಳ್ಳೇ ತಾಯಿ, ನಾನು ಆಕಳಿಸಿದ್ದೂ ದಾಖಲೆ ಆಗ್ತಾ ಇದೆ" ಎಂದು ಗಂಡನೇ ಕೈಮುಗಿದ.

ಮಿಂಚಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರೇನಲ್ಲ. ಲಾಯರುಗಳು ಒಬ್ಬರ ಮೇಲೊಬ್ಬರು ಬಿದ್ದು ಕಿರುಚಾಡುವಾಗಲೂ ಒಂದು ಮಾತು ಬಿಡದೆ ಬರೆಯುತ್ತಾಳೆಂದು ಹಳೆಯ ಜಡ್ಜ್ ಸಾಹೇಬರೊಬ್ಬರು ಹಾಗೆ ಕರೆದರು, ಅದೇ ಅಂಟಿಕೊಂಡಿತು. ಅವಳದು ಒಂದೇ ಹಟ. ಬಾಯಿಂದ ಬಂದದ್ದೆಲ್ಲ ಪುಸ್ತಕಕ್ಕೆ ಇಳಿಯಬೇಕು. ಕೆಮ್ಮಿದರೆ ಕೆಮ್ಮು, ಎದ್ದು ಹೋದರೆ ಎದ್ದು ಹೋದ ಹೊತ್ತು. ಯಾವುದು ಬೇಕು, ಯಾವುದು ಬೇಡ ಅನ್ನುವುದೆಲ್ಲ ಆಮೇಲೆ, ಶುದ್ಧ ಪ್ರತಿ ಟೈಪು ಮಾಡುವಾಗಿನ ಮಾತು. ಹೇಳದೇ ಇದ್ದದ್ದನ್ನು ಬರೆದಿದ್ದೀಯ ಎಂದು ಆ ಮೂವತ್ತೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಅವಳತ್ತ ಬೆರಳು ತೋರಿಸಿರಲಿಲ್ಲ. ಅದು ಅವಳ ಜಂಬ. ಇರಲಿ ಬಿಡಿ, ಅಷ್ಟು ಜಂಬ ಯಾರಿಗಾದರೂ ಇರಬೇಕಾದ್ದೇ.

ಹೀಗೆ ಕೆಲಸ ಹುಡುಕಿಕೊಂಡು ಅವಳು ಬಂದದ್ದು ಮೇಷ್ಟ್ರ ಮನೆಗೆ. ವಿಶ್ವವಿದ್ಯಾಲಯದಲ್ಲಿ ಹಳೆಯ ಕಾಗದಪತ್ರಗಳ ಪಾಠ ಹೇಳಿ ನಿವೃತ್ತರಾದವರು, ವಯಸ್ಸು ಎಪ್ಪತ್ತಾರು. ಕಣ್ಣಿನ ನಡುಮಧ್ಯದ ನೋಟ ಹೋಗಿಬಿಟ್ಟಿತ್ತು. ತಟ್ಟೆಯ ಅಂಚು ಕಾಣುತ್ತಿತ್ತು, ತಟ್ಟೆಯಲ್ಲಿ ಬಡಿಸಿದ್ದು ಕಾಣುತ್ತಿರಲಿಲ್ಲ. ಓದುವ ಮಾತಂತೂ ದೂರವೇ ಉಳಿಯಿತು. ಬರೆಯಬೇಕಾದ ಪುಸ್ತಕ ಒಂದು ಮಾತ್ರ ಬಾಕಿ, ಅದೂ ಮುಕ್ಕಾಲು ಮುಗಿದದ್ದು. ಅದನ್ನು ಹೇಳಿ ಬರೆಸಲು ಒಬ್ಬರು ಬೇಕಾಗಿತ್ತು.

ಮೇಷ್ಟ್ರಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಮೊದಲ ದಿನವೇ ಮಿಂಚಮ್ಮನಿಗೆ ಚಹಾ ಕೊಡುತ್ತ, "ನೋಡಿ ಇವ್ರೇ, ಈ ಮನೇಲಿ ನಾವು ಮೂರು ಜನ. ಇವರು, ನಾನು, ಆ ಕಾಗದ. ಇವರು ಹೆಚ್ಚು ಮಾತಾಡೋದು ಆ ಕಾಗದದ ಜೊತೇಲಿ" ಎಂದು ಎಚ್ಚರಿಸಿದರು.

ಆ ಕಾಗದಕ್ಕೆ ವಿದ್ವಾಂಸರು ಮೇಜಿನ ಕಾಗದ ಅನ್ನುತ್ತಿದ್ದರು. ಸುಮಾರು ಸಾವಿರದ ಎಂಟುನೂರು ವರ್ಷದ ಹಿಂದೆ, ಕ್ರೈಸ್ತರು ಇನ್ನೂ ಅಲ್ಲೊಂದು ಮನೆ ಇಲ್ಲೊಂದು ಮನೆ ಎನ್ನುವಷ್ಟೇ ಇದ್ದ ಕಾಲದಲ್ಲಿ, ಒಬ್ಬ ಹಿರಿಯ ಬೇರೆ ಊರಿನ ಪುಟ್ಟ ಸಭೆಯೊಂದಕ್ಕೆ ಬರೆದದ್ದು. ಆ ಸಭೆಯವರು ಯಾರದೋ ಮನೆಯಲ್ಲಿ ಸೇರಿ, ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದರು. ಒಮ್ಮೆ ಅವರು ಒಬ್ಬ ಮುದಿ ವಿಧವೆಯನ್ನು, ಗುಲಾಮಳಾಗಿದ್ದವಳೆಂಬ ಕಾರಣಕ್ಕೆ, ಮೇಜಿನಿಂದ ಎಬ್ಬಿಸಿ ಬಾಗಿಲ ಪಕ್ಕದಲ್ಲಿ ಕೂರಿಸಿದರು. ಸುದ್ದಿ ಮುಟ್ಟಿತು. ಹಿರಿಯನ ಪಿತ್ತ ನೆತ್ತಿಗೇರಿತು. ಕಾಗದದ ಮೊದಲರ್ಧದಲ್ಲಿ ಅವರ ಚಳಿ ಬಿಡಿಸಿದ್ದಾನೆ. ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಅಂದಿದ್ದಾನೆ. ಆಮೇಲೆ ಇದ್ದಕ್ಕಿದ್ದಂತೆ ದನಿ ಬದಲಾಗುತ್ತದೆ. ನನ್ನ ಮಕ್ಕಳೇ ಅನ್ನುತ್ತಾನೆ, ನಿಮ್ಮ ನೆನಪಾದರೆ ಊಟ ಸೇರುವುದಿಲ್ಲ ಅನ್ನುತ್ತಾನೆ, ಬಾಗಿಲು ತೆರೆದಿಡಿ ಬರುತ್ತೇನೆ ಅನ್ನುತ್ತಾನೆ. ಅದಕ್ಕೂ ಇದಕ್ಕೂ ನಡುವೆ ಒಂದು ಸಾಲಿನ ಸೇತುವೆಯೂ ಇಲ್ಲ.

"ನೀವು ಕೋರ್ಟಿನೋರು, ನಿಮಗೆ ಬೇಗ ತಿಳಿಯತ್ತೆ" ಎಂದು ಮೇಷ್ಟ್ರು ಶುರು ಮಾಡಿದರು. ಉದ್ದನೆಯ ಮೇಜಿನ ಮೇಲೆ ಒಂಬತ್ತು ದಪ್ಪ ಫೈಲುಗಳು ಸಾಲಾಗಿ ನಿಂತಿದ್ದವು. "ಮೂಲ ಕಾಗದ ಇಲ್ಲ. ನಕಲಿನ ನಕಲು, ಅದರ ನಕಲು, ಹೀಗೆ ಒಂಬತ್ತು ಉಳಿದಿವೆ, ಅವುಗಳ ಫೋಟೋ ಇವು. ಕಕ್ಷಿದಾರ ಸತ್ತಿದಾನೆ. ಒಂಬತ್ತು ಸಾಕ್ಷಿ ಇದಾರೆ, ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ನೀವಾದ್ರೆ ಏನ್ಮಾಡ್ತೀರಿ?"

"ಯಾರು ಯಾರ ಬಾಯಿಂದ ಕೇಳಿ ಹೇಳ್ತಿದಾರೆ ಅಂತ ಮೊದ್ಲು ನೋಡ್ಬೇಕು" ಎಂದಳು ಮಿಂಚಮ್ಮ.

"ಭಲೇ!" ಮೇಷ್ಟ್ರು ಮೇಜು ಗುದ್ದಿದರು. "ನನ್ನ ವಿದ್ಯಾರ್ಥಿಗಳಿಗೆ ಇದನ್ನ ತಿಳಿಸೋಕೆ ಒಂದು ವರ್ಷ ಬೇಕಾಗ್ತಿತ್ತು. ಪ್ರತಿ ಪ್ರತಿ ಜೋಡಿಸಿ ನೋಡೋದು ಒಂದು ದಾರಿ. ಇನ್ನು ಕೆಲವರಿಗೆ ಆ ಮೇಜಿನದೇ ಚಿಂತೆ. ಮನೆ ಯಾರದು, ಅಡುಗೆ ಯಾರು ಮಾಡಿದ್ರು, ಯಾರು ಯಾರ ಪಕ್ಕ ಕೂರಬಹುದಿತ್ತು, ಇಂಥದ್ದು. ತಪ್ಪೇನಿಲ್ಲ, ಮಾಡ್ಕೊಳ್ಳಲಿ. ನನ್ನದು ಬೇರೆ ದಾರಿ. ನಾನು ಹೊಲಿಗೆ ಹುಡುಕೋನು. ಇದು ಒಂದು ಕಾಗದ ಅಲ್ಲ, ಎರಡು. ಒಂದು ಕೋಪದ ಕಾಗದ, ಒಂದು ಪ್ರೀತಿ ಕಾಗದ. ಆಮೇಲೆ ಯಾವನೋ ನಕಲು ಮಾಡೋನು ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದಾನೆ. ಹೊಲಿಗೆ ಎಲ್ಲಿದೆ ಅಂತ ಭೂಮಿ ಮೇಲೆ ಮೊದಲು ತೋರಿಸಿದ್ದು ನಾನು."

ಅದನ್ನೇ ಒಂಬತ್ತನೆಯ ಅಧ್ಯಾಯದಲ್ಲಿ ಎರಡು ತಿಂಗಳು ಬರೆಸಿದರು. ಐದು ಪುರಾವೆ ಕೊಟ್ಟಿದ್ದರು. ದನಿ ಬೇರೆ, ಕರೆಯುವ ರೀತಿ ಬೇರೆ, ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ತಾಳೆಯಿಲ್ಲ, ನಡುವೆ ಸೇತುವೆಯಿಲ್ಲ. ಐದನೆಯದು ಅವರಿಗೆ ಬಹಳ ಇಷ್ಟವಾದದ್ದು: ಅಂಥ ಕೋಪ ಬಂದ ಮನುಷ್ಯ ಅದೇ ಕಾಗದದಲ್ಲಿ ಹಾಗೆ ಕರಗುವುದು ಸಾಧ್ಯವೇ ಇಲ್ಲ. ಮಿಂಚಮ್ಮನಿಗೆ ಐದೂ ಬಾಯಿಪಾಠವಾಗಿಹೋದವು. ಸಾಧ್ಯವಿಲ್ಲವೇ ಎಂದು ಒಳಗೊಳಗೆ ಅನ್ನಿಸುತ್ತಿತ್ತು. ಆದರೆ ಬರೆಯುವವಳು ಬರೆಯಬೇಕು, ಅಷ್ಟೆ.

ಈ ಮನೆಯಲ್ಲಿ ಯಾರೂ ಎತ್ತದ ಮಾತೊಂದಿತ್ತು. ಅದು ಚೂಟಿಯದು. ಚೂಟಿ ಮೇಷ್ಟ್ರ ಶಿಷ್ಯೆ. ಕಡ್ಡಿ ಮುರಿದ ಹಾಗೆ ಮಾತಾಡುವ ಹುಡುಗಿ. ಆ ಹೆಸರು ಇಟ್ಟದ್ದೂ ಮೇಷ್ಟ್ರೇ. ಮಕ್ಕಳಿಲ್ಲದ ಮನೆಗೆ ಐದು ವರ್ಷ ದಿನಾ ಬಂದು, ಇಲ್ಲೇ ಉಂಡು, ಇದೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿದವಳು. ಒಂದು ದಿನ ಅವಳು, "ಸಾರ್, ಒಂಬತ್ತು ಸಾಕ್ಷಿನೂ ಇದು ಒಂದೇ ಕಾಗದ ಅಂತ ಹೇಳ್ತಿವೆ. ಎರಡು ಅಂತ ಹೇಳೋ ಸಾಕ್ಷಿ ಎಲ್ಲಿ?" ಎಂದು ಕೇಳಿಬಿಟ್ಟಳು. ಆ ಹಿರಿಯ ಬರೆದದ್ದಲ್ಲ, ಹೇಳಿದ್ದು, ಕೈ ಬೇರೆಯವರದು, ಹೇಳುವವನು ಏಳುತ್ತಾನೆ ಕೂರುತ್ತಾನೆ, ಮೊದಲು ಹೇಳಿ ಬರೆಸುವುದು ಹೇಗೆ ನಡೆಯುತ್ತಿತ್ತು ಅಂತ ನೋಡೋಣ ಎಂದಳು. ಮೇಷ್ಟ್ರು ಕೆಂಡಾಮಂಡಲವಾದರು. ನನ್ನ ಕೈಕೆಳಗೆ ಈ ಹುಚ್ಚಾಟಕ್ಕೆಲ್ಲ ಪದವಿ ಸಿಗುವುದಿಲ್ಲ ಎಂದರು. ಅವಳು ಪುಸ್ತಕ ಕಟ್ಟಿಕೊಂಡು ಬೇರೆ ವಿಶ್ವವಿದ್ಯಾಲಯಕ್ಕೆ ಹೋದಳು. ಒಂಬತ್ತು ವರ್ಷ ಆ ಕಡೆಯಿಂದ ಕಾಗದವಿಲ್ಲ, ಈ ಕಡೆಯಿಂದ ಫೋನಿಲ್ಲ. ಇದನ್ನೆಲ್ಲ ಮೇಷ್ಟ್ರಮ್ಮ ಹೇಳಿದ್ದು ಅಡುಗೆಮನೆಯಲ್ಲಿ, ನೀರು ಜೋರಾಗಿ ಬಿಟ್ಟುಕೊಂಡು, ಮೇಷ್ಟ್ರಿಗೆ ಕೇಳಿಸದ ಹಾಗೆ.

ಹೀಗಿರುವಾಗ ವಿಶ್ವವಿದ್ಯಾಲಯದ ಪ್ರಕಟಣಾ ಸಮಿತಿಯಿಂದ ಒಂದು ಕಟ್ಟು ಬಂತು. ಒಳಗೆ ಚೂಟಿಯ ಪುಸ್ತಕ, ನಾನೂರ ಮೂವತ್ತು ಪುಟ. ಮೇಜಿನ ಕಾಗದ ಒಂದೇ ಕಾಗದ ಎಂದು ತೋರಿಸಲು ಹತ್ತು ವರ್ಷ ಬೆವರು ಸುರಿಸಿ ಬರೆದದ್ದು. ಒಂಬತ್ತೂ ಪ್ರತಿ ಓದಿದವರು ಅವಳನ್ನು ಬಿಟ್ಟರೆ ಬದುಕಿರುವವರಲ್ಲಿ ತಾವೊಬ್ಬರೇ, ಆದ್ದರಿಂದ ಎರಡು ವಾರ ಕಳೆದು ಬರುವ ಶುಕ್ರವಾರದೊಳಗೆ ತಮ್ಮ ಅಭಿಪ್ರಾಯ ಕಳಿಸಬೇಕು, ತಮ್ಮ ಮಾತೇ ಕೊನೆ ಎಂದು ಸಮಿತಿಯವರು ಬರೆದಿದ್ದರು.

ಅಂದರೆ ಮೇಷ್ಟ್ರು ಬೇಡ ಅಂದರೆ ಚೂಟಿಯ ಹತ್ತು ವರ್ಷ ಕಸದ ಬುಟ್ಟಿಗೆ. ಬೇಕು ಅಂದರೆ ಮೇಷ್ಟ್ರ ಮೂವತ್ತೆಂಟು ವರ್ಷ ಅದೇ ಬುಟ್ಟಿಗೆ. ಇದು ಗೊತ್ತಾಗಲು ಗಣಿತ ಕಲಿಯಬೇಕಾಗಿರಲಿಲ್ಲ. ಮೇಷ್ಟ್ರಮ್ಮ ಒಂದು ವಾರ ಕೂತು ಅಷ್ಟೂ ಪುಟ ಗಟ್ಟಿಯಾಗಿ ಓದಿ ಹೇಳಿದರು. ಮೇಷ್ಟ್ರು ಕೇಳುತ್ತ ಹಲ್ಲು ಕಡಿದರು, ಛೀ ಅಂದರು, ಒಂದೆರಡು ಕಡೆ ಇನ್ನೊಂದು ಸಲ ಓದು ಅಂದರು. ಯಾಕೆ ಅಂತ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಮಿಂಚಮ್ಮ ಬರುವ ಹೊತ್ತಿಗೆ ಮೇಷ್ಟ್ರು ಸಿದ್ಧವಾಗಿ ಕೂತಿದ್ದರು. ನಾಲ್ಕು ದಿನದಿಂದ ಮನಸ್ಸಿನಲ್ಲೇ ಮಸೆದಿಟ್ಟುಕೊಂಡ ಮಾತು, ಪಟಪಟನೆ ಬಂತು. "ಲೇಖಕಿಯ ವಾದಕ್ಕೆ ಬುಡವಿಲ್ಲ. ಇದು ಸಂಶೋಧನೆಯಲ್ಲ, ಊಹೆ. ಮೂರನೆಯ ಅಧ್ಯಾಯ ದಂಡ. ಹಿಂದಿನವರ ಕೆಲಸದ ಬಗ್ಗೆ ಲೇಖಕಿಗೆ ಗೌರವವಿಲ್ಲ. ಇಂಥದ್ದನ್ನು ಪ್ರಕಟಿಸಿದರೆ ಸಮಿತಿಯ ಮರ್ಯಾದೆ ಉಳಿಯುವುದಿಲ್ಲ." ಮಿಂಚಮ್ಮನ ಪೆನ್ಸಿಲು ಓಡುತ್ತಿತ್ತು. ನೋಡದ ಹುಡುಗಿ, ಆದರೂ ಕಣ್ಣೆದುರು ಒಬ್ಬಳನ್ನು ನಿಲ್ಲಿಸಿ ಹೊಡೆದ ಹಾಗೆ ಆಗುತ್ತಿತ್ತು.

ಹನ್ನೊಂದೂ ಇಪ್ಪತ್ತಕ್ಕೆ ಸ್ನಾನದ ಮನೆಯಲ್ಲಿ ಧಡ್ ಎಂದು ಶಬ್ದವಾಯಿತು. "ಅಯ್ಯಯ್ಯೋ, ಬನ್ರೀ! ನೀರು, ನೀರು!" ಎಂದು ಮೇಷ್ಟ್ರಮ್ಮ ಕೂಗಿದರು. ನಲ್ಲಿಯ ಮೂತಿಯೇ ಕಿತ್ತುಕೊಂಡು ಬಂದಿತ್ತು. ಗೋಡೆ, ಛಾವಣಿ, ಮೇಷ್ಟ್ರಮ್ಮ, ಎಲ್ಲ ತೊಪ್ಪೆ. ಮಿಂಚಮ್ಮ ಬಕೆಟ್ಟು ಹಿಡಿದು ನಿಂತಳು. ಎರಡು ಬೀದಿ ಆಚೆಯಿಂದ ಪ್ಲಂಬರು ಬಂದ, ಹೊಟ್ಟೆ ಬಂದ ನಡುವಯಸ್ಸಿನವನು, ಮಾತುಗಾರ. ಮೇಷ್ಟ್ರು ನಾನು ಟಾರ್ಚು ಹಿಡಿಯುತ್ತೇನೆ ಎಂದು ಹಟ ಹಿಡಿದರು. ಕಣ್ಣು ಕಾಣದವರು ಟಾರ್ಚು ಹಿಡಿದರೆ ಬೆಳಕು ನಲ್ಲಿಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹೋಯಿತು. ಮಿಂಚಮ್ಮ ಹಜಾರದ ಕುರ್ಚಿಯಲ್ಲಿ ಒದ್ದೆ ಕಾಲು ಚಾಚಿ ಕೂತಳು. ಪುಸ್ತಕ ತೊಡೆಯ ಮೇಲಿತ್ತು, ಬೆರಳು ಸುಮ್ಮನಿರಬೇಕಲ್ಲ.

ಮುಕ್ಕಾಲು ಗಂಟೆಗೂ ಮೀರಿ ಹಿಡಿಯಿತು. ಹನ್ನೆರಡೂ ಹತ್ತಕ್ಕೆ ಮೇಷ್ಟ್ರು ತೋಳು ಒದ್ದೆಯಾಗಿದ್ದಂತೆಯೇ ಬಂದು ಕುರ್ಚಿಯಲ್ಲಿ ಕೂತರು. ಹಿಂದಿನದನ್ನು ಓದಿ ಹೇಳಿ ಅನ್ನಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಮೆಲ್ಲಗೆ ಶುರು ಮಾಡಿದರು. "ಈ ಹುಡುಗಿಯಷ್ಟು ತಾಳ್ಮೆಯಿಂದ ಆ ಒಂಬತ್ತು ಪ್ರತಿಗಳನ್ನು ಓದಿದವರು ಬೇರೆ ಇಲ್ಲ. ನಾನೂ ಓದಿಲ್ಲ. ಅವಳು ನನ್ನ ಹತ್ತಿರ ಕಲಿತಳೆಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಪುಸ್ತಕ ಬರಲಿ. ಬೇಗ ಬರಲಿ. ಅದನ್ನು ಓದಿ ಹೇಳಿದರೆ ಕೇಳುವುದಕ್ಕೆ ನನ್ನ ಕಿವಿ ಇರುವಾಗಲೇ ಬರಲಿ." ಅಷ್ಟು ಹೇಳಿ ಸಾಕು ಎಂದು ಎದ್ದು ಹೋದರು.

ಮಿಂಚಮ್ಮ ಅಂದು ಮಧ್ಯಾಹ್ನ ಮನೆಯಲ್ಲಿ ಕೂತು ಟೈಪು ಮಾಡಿದಳು. ಅವಳಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಕೋರ್ಟಿನಲ್ಲಿ ಅಣ್ಣನ ಮೇಲೆ ಕೇಸು ಹಾಕಿದ ತಮ್ಮ ಬೆಳಿಗ್ಗೆ ಹಲ್ಲು ಮಸೆದು ಹೇಳಿಕೆ ಕೊಟ್ಟು, ಊಟದ ವಿರಾಮ ಮುಗಿಸಿ ಬಂದು ಅದೇ ಹೇಳಿಕೆಯಲ್ಲಿ ಗೊಳೋ ಎಂದು ಅತ್ತದ್ದನ್ನು ಅವಳು ಎಷ್ಟು ಸಲ ಬರೆದಿದ್ದಾಳೋ. ಎರಡು ಪುಟ ಆಯಿತು, ಒಂದಕ್ಕೊಂದು ಕೂಡಿಕೊಂಡು ಚೊಕ್ಕಟವಾಗಿ. ಪ್ಲಂಬರನನ್ನು ಬಿಟ್ಟಳು ಅಂತ ಬೇರೆ ಹೇಳಬೇಕೆ?

ಬುಧವಾರ ಓದಿ ಹೇಳುವ ದಿನ. ಮೇಷ್ಟ್ರು ಕಣ್ಣು ಮುಚ್ಚಿ, ಕೈಕಟ್ಟಿ ಕೇಳಿದರು. ಮೊದಲ ಪುಟಕ್ಕೆ ಸೈ, ಸೈ ಎಂದು ತಲೆಯಾಡಿಸಿದರು. ಎರಡನೆಯ ಪುಟದ ಎರಡು ಸಾಲು ಆಗುತ್ತಿದ್ದಂತೆ ಕೈಯೆತ್ತಿದರು.

"ನಿಲ್ಸಿ, ನಿಲ್ಸಿ. ಇದೇನಿದು? ಇದು ಬೇರೆ ಕಾಗದ."

"ಬೇರೆ ಯಾವುದೂ ಅಲ್ಲ ಮೇಷ್ಟ್ರೇ, ನೀವು ಹೇಳಿದ್ದೇ."

"ಇಲ್ಲಮ್ಮ. ಇದು ನಾನು ಯಾವತ್ತೋ ಅವಳ ಸ್ಕಾಲರ್‌ಶಿಪ್ಪಿಗೆ ಕೊಟ್ಟಿದ್ದ ಶಿಫಾರಸು. ಹಳೇ ಫೈಲಲ್ಲಿ ಬಿದ್ದಿರತ್ತೆ. ನಿನ್ನೆ ಆ ನೀರಿನ ಗಲಾಟೇಲಿ ಹಾಳೆ ಹಾಳೆ ಕಲೆತುಹೋಗಿದೆ, ನೀವು ಎರಡನ್ನೂ ಸೇರಿಸಿ ಟೈಪು ಮಾಡಿಬಿಟ್ಟಿದೀರಿ."

"ನಾನು ಸೇರಿಸಿಲ್ಲ."

"ಕೋಪ ಮಾಡ್ಕೋಬೇಡಿ, ಯಾರಿಗಾದ್ರೂ ಆಗತ್ತೆ. ನೋಡಿ, ಎಷ್ಟು ಸ್ಪಷ್ಟವಾಗಿದೆ." ಮೇಷ್ಟ್ರು ಪಾಠದ ಹುರುಪಿಗೆ ಬಂದರು, ಬೆರಳು ಮಡಿಸತೊಡಗಿದರು. "ಮೊದಲಿನ ದನಿ ಬೇರೆ, ಇಲ್ಲಿ ದನಿ ಬೇರೆ. ಅಲ್ಲಿ ಲೇಖಕಿ ಅಂತೀನಿ, ಇಲ್ಲಿ ಈ ಹುಡುಗಿ ಅಂತೀನಿ. ಅಲ್ಲಿ ಬೈದೋನು ಇಲ್ಲಿ ಹೊಗಳ್ತೀನಾ? ಮಧ್ಯೆ ಒಂದು 'ಆದರೆ' ಕೂಡ ಇಲ್ಲ. ಅಷ್ಟು ಕೋಪದಲ್ಲಿರೋ ಮನುಷ್ಯ ಅದೇ ಕಾಗದದಲ್ಲಿ ಹೀಗೆ…"

ಐದನೆಯ ಬೆರಳು ಮಡಿಸುವಷ್ಟರಲ್ಲಿ ಮಿಂಚಮ್ಮನ ತಾಳ್ಮೆ ಮುಗಿದಿತ್ತು. ಹೇಳದೇ ಇದ್ದದ್ದನ್ನು ಬರೆದಿದ್ದಾಳಂತೆ! ದನಿ ತಾನಾಗಿ ಏರಿತು. "ನಿಮ್ಮ ವಿದ್ವತ್ತು ನಿಮ್ಮ ಹತ್ರ ಇಟ್ಕೊಳ್ಳಿ ಮೇಷ್ಟ್ರೇ. ನನ್ನ ಪುಸ್ತಕಕ್ಕೆ ಕೈ ಹಾಕ್ಬೇಡಿ. ಜಡ್ಜುಗಳು ಈ ಪುಸ್ತಕ ನಂಬಿ ತೀರ್ಪು ಕೊಟ್ಟಿದಾರೆ. ನೀವು ಹೇಳಿದ್ದು ಒಂದೇ ಕಾಗದ, ಬರೆದಿದ್ದು ಒಂದೇ ಪುಟದಲ್ಲಿ. ಮೇಷ್ಟ್ರಮ್ಮಾ, ಬನ್ನಿ ಇಲ್ಲಿ, ಈ ಗೀಚು ಓದೋಕೆ ಬರದಿದ್ರೂ ಅಂಕಿ ಓದೋಕೆ ಬರತ್ತಲ್ಲ, ಈ ಪುಟದಲ್ಲಿ ಹೊತ್ತು ಎಷ್ಟು ಬರೆದಿದೆ ಹೇಳಿ."

ಮೇಷ್ಟ್ರಮ್ಮ ಕನ್ನಡಕ ಏರಿಸಿ ಬಗ್ಗಿದರು. "ಹನ್ನೊಂದೂ ಇಪ್ಪತ್ತು. ಸ್ವಲ್ಪ ಕೆಳಗೆ ಹನ್ನೆರಡೂ ಹತ್ತು."

"ಅದರ ನಡುವಿಂದನ್ನ ನಾನು ಓದ್ತೀನಿ. ಕೇಳಿ." ಮಿಂಚಮ್ಮ ಕೋರ್ಟಿನಲ್ಲಿ ಓದುವ ಹಾಗೆ, ಏರಿಳಿತವಿಲ್ಲದೆ ಓದಿದಳು. "ಧಡ್ ಅನ್ನೋ ಶಬ್ದ. ಮೇಷ್ಟ್ರಮ್ಮ: ಅಯ್ಯಯ್ಯೋ, ಬನ್ರೀ, ನೀರು ನೀರು. ಪ್ಲಂಬರು: ಟಾರ್ಚು ಈ ಕಡೆ ಹಿಡೀರಿ ಯಜಮಾನ್ರೇ, ನನ್ನ ಮುಖ ನೋಡಿ ಏನ್ಮಾಡ್ತೀರಿ. ಮೇಷ್ಟ್ರು: ನಗು. ಮೇಷ್ಟ್ರು: ಒಂದ್ಸಲ ನಮ್ಮ ಹಸ್ತಪ್ರತಿ ಕೋಣೇಲಿ ಛಾವಣಿ ಪೈಪು ಒಡೀತು. ಹುಡುಗಿ ಒಬ್ಬಳು ಮೇಜು ಹತ್ತಿ ತನ್ನ ಕೋಟು ಬಿಚ್ಚಿ ಒಂಬತ್ತು ಫೈಲಿನ ಮೇಲೂ ಹೊದಿಸಿ, ಅದರ ಮೇಲೆ ತಾನು ಅಡ್ಡ ಬಿದ್ಲು. ಒಂದು ಹಾಳೆ ನೆನೀಲಿಲ್ಲ. ಅವಳು ಎಂಟು ದಿನ ಸೀನಿದ್ಲು. ಪ್ಲಂಬರು: ಮಗಳಾ ಯಜಮಾನ್ರೇ? ಮೇಷ್ಟ್ರು: ಮಾತಿಲ್ಲ. ಪ್ಲಂಬರು: ಆ ಪಾನಾ ಕೊಡಿ. ಮೇಷ್ಟ್ರು: ಹೂಂ, ಮಗಳೇ ಅಂದ್ಕೊ. ಹನ್ನೆರಡೂ ಹತ್ತು. ಮೇಷ್ಟ್ರು ಬಂದು ಕೂತರು. ಈ ಹುಡುಗಿಯಷ್ಟು ತಾಳ್ಮೆಯಿಂದ…"

ಅಲ್ಲಿಗೆ ನಿಲ್ಲಿಸಿದಳು. ಮೇಷ್ಟ್ರಮ್ಮ ಕನ್ನಡಕ ತೆಗೆದು ಒರೆಸುತ್ತಿದ್ದರು, ಕನ್ನಡಕವನ್ನಲ್ಲ, ಕಣ್ಣನ್ನು. ಮೇಷ್ಟ್ರು ಮಡಿಸಿದ ಐದೂ ಬೆರಳು ಹಾಗೇ ಮಡಿಸಿಕೊಂಡೇ ಇದ್ದವು.

ಆಮೇಲೆ ಮೇಷ್ಟ್ರು, "ಇದೆಲ್ಲ ಟೈಪು ಮಾಡಿದ್ರಲ್ಲಿ ಯಾಕಿಲ್ಲ?" ಎಂದರು.

"ಯಾಕಿರತ್ತೆ? ಸಮಿತಿಯೋರಿಗೆ ನಿಮ್ಮ ನಲ್ಲಿ ಕಟ್ಕೊಂಡು ಏನಾಗ್ಬೇಕು? ಶುದ್ಧ ಪ್ರತಿ ಅಂದ್ಮೇಲೆ ನಡುವೆ ಆಗಿದ್ದೆಲ್ಲ ತೆಗೆದು, ಹೇಳಿದ್ದನ್ನ ಮಾತ್ರ ಕೂಡಿಸಿ ಬರೀತೀವಿ. ಬರೆಯೋ ಕೆಲಸದೋರು ಎಲ್ರೂ ಮಾಡೋದು ಹಾಗೇ."

"ಎಲ್ರೂ?"

"ಇನ್ನೇನು ಮತ್ತೆ? ಬರೆಯೋ ಕೆಲಸ ಹುಟ್ಟಿದಾಗಿಂದ."

ಮೇಷ್ಟ್ರ ಮುಖದ ಬಣ್ಣ ಇಳಿಯಿತು. ಎದ್ದು ಮೇಜಿನ ಉದ್ದಕ್ಕೂ ಕೈಯಾಡಿಸಿಕೊಂಡು ಹೋಗಿ, ಒಂಬತ್ತು ಫೈಲುಗಳನ್ನೂ ಒಂದೊಂದಾಗಿ ಮುಟ್ಟಿದರು. ಒಂಬತ್ತೂ ಶುದ್ಧ ಪ್ರತಿಗಳೇ. "ನೀವು ಹೋಗಿ. ಇವತ್ತಿಗೆ ಸಾಕು" ಎಂದರು, ಇತ್ತ ತಿರುಗದೆ.

ಗುರುವಾರ ಕರೆ ಬರಲಿಲ್ಲ. ಕೆಲಸ ಹೋಯಿತೆಂದೇ ಮಿಂಚಮ್ಮ ಲೆಕ್ಕ ಹಾಕಿದಳು. ಹೋದರೆ ಹೋಗಲಿ, ಮಾತು ಬಿಟ್ಟುಕೊಡಲಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡಳು. ಆದರೆ ನಿಜವಾದ ಚಿಂತೆ ಆ ಹುಡುಗಿಯದು. ಶುಕ್ರವಾರ ನಾಳೆಯೇ. ಮುದುಕ ಮೊದಲನೆಯ ಪುಟ ಒಂದನ್ನೇ ಲಕೋಟೆಗೆ ಹಾಕಿದರೆ ಮುಗಿಯಿತು ಕಥೆ. ಒಂದು ಸೌಟು ಉಪ್ಪು ಹೆಚ್ಚಿಗೆ ಬಿದ್ದ ಸಾರನ್ನು ಗಂಡ ತುತ್ತಿಗೊಂದು ಲೋಟ ನೀರು ಕುಡಿದು ಉಂಡ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರಮ್ಮನ ಫೋನು. "ಬೇಗ ಬನ್ನಿ. ಎರಡು ದಿನದಿಂದ ನನ್ನ ಪ್ರಾಣ ತೆಗೀತಿದಾರೆ."

ಹೋಗಿ ನೋಡಿದರೆ ಕಸದ ಬುಟ್ಟಿ ತುಂಬಿ ನೆಲಕ್ಕೆಲ್ಲ ಹರಿದ ಹಾಳೆ. ಮೇಷ್ಟ್ರು ಗಡ್ಡ ಕೂಡ ಮಾಡಿಕೊಂಡಿರಲಿಲ್ಲ.

"ಕೂತ್ಕೊಳ್ಳಿ ಅಮ್ಮಾ. ಮೊದಲು ನಿಮ್ಮ ಕ್ಷಮೆ ಕೇಳ್ಬೇಕು, ಕೇಳಿದೀನಿ ಅಂತ ಬರ್ಕೊಳ್ಳಿ" ಎಂದರು. ಮಿಂಚಮ್ಮ ಬರೆದುಕೊಂಡಳು. "ಬೈಗುಳ ಒಂದೇ ಇರೋ ಅಭಿಪ್ರಾಯ ಇವಳ ಕೈಲಿ ಬರೆಸಿದೆ. ಓದಿಸಿ ಕೇಳಿದ್ರೆ ಸುಳ್ಳು. ಹೊಗಳಿಕೆ ಒಂದೇ ಇರೋದು ಬರೆಸಿದೆ. ಅದೂ ಸುಳ್ಳೇ, ಯಾಕಂದ್ರೆ ಅವಳ ಮೂರನೇ ಅಧ್ಯಾಯ ಈಗಲೂ ದಂಡವೇ. ನಿಜವಾದ್ದು ನೀವು ಬರ್ಕೊಂಡಿದ್ದು ಒಂದೇ. ಅದನ್ನ ಹಾಗೇ ಕಳಿಸಿ. ನಲ್ಲಿ, ಪ್ಲಂಬರು, ಹೊತ್ತು, ಎಲ್ಲಾ ಸೇರಿಸಿ ಟೈಪು ಮಾಡಿ. ಕೆಳಗೆ ಇಷ್ಟು ಬರೀರಿ: ಲೇಖಕಿಯ ವಾದವನ್ನು ಮುರಿಯಲು ನನ್ನ ಬಳಿ ಇದ್ದ ಐದು ಪುರಾವೆಗಳನ್ನು ಈ ಕಾಗದಕ್ಕೆ ಹಚ್ಚಿ ನೋಡಿದೆ. ಐದೂ ಇದನ್ನು ಎರಡು ಕಾಗದ ಅನ್ನುತ್ತವೆ. ಆದ್ದರಿಂದ ಐದೂ ಪುರಾವೆಗಳಲ್ಲ. ಪುಸ್ತಕ ಪ್ರಕಟವಾಗಲಿ."

ಮಿಂಚಮ್ಮನಿಗೆ ಎದ್ದು ಕುಣಿಯಬೇಕೆನ್ನಿಸಿತು. ಆದರೆ ಮೇಷ್ಟ್ರ ಮುಖ ನೋಡಿ ಸುಮ್ಮನಾದಳು.

"ಇನ್ನೊಂದು ಕಾಗದ ಇದೆ, ನನ್ನ ಪುಸ್ತಕದ ಪ್ರಕಾಶಕರಿಗೆ. ಒಂಬತ್ತನೇ ಅಧ್ಯಾಯ ವಾಪಸ್ ತಗೊಂಡಿದೀನಿ ಅಂತ ಬರೀರಿ." ಅಷ್ಟು ಹೇಳಿದವರು ಸುಧಾರಿಸಿಕೊಳ್ಳಲಾರದೆ ಹೋದರು. "ಮೂವತ್ತೆಂಟು ವರ್ಷ ಅಮ್ಮಾ. ಕೂದಲು ಕಪ್ಪಗಿತ್ತು ನಂದು ಅದನ್ನ ಶುರು ಮಾಡಿದಾಗ. ಎಲ್ಲಾ ನೀರಲ್ಲಿ ಹೋಮ ಆಯ್ತಲ್ಲ."

ಅದಕ್ಕೆ ಉತ್ತರ ಹೇಳಿದವರು ಮೇಷ್ಟ್ರಮ್ಮ. ನೆಲದ ಹಾಳೆ ಆರಿಸುತ್ತಿದ್ದವರು ನಡು ಹಿಡಿದುಕೊಂಡು ನೆಟ್ಟಗೆ ನಿಂತರು. "ಏನೂ ಹೋಗಿಲ್ಲ. ಹೊಲಿಗೆ ಇರೋ ಜಾಗ ತೋರಿಸಿದ್ದು ನೀವೇ ತಾನೆ? ಆ ಜಾಗ ಸರಿಯಾಗೇ ಇದೆ. ಅಲ್ಲಿ ಏನೋ ಆಗಿತ್ತು. ಆ ಮನುಷ್ಯ ಎದ್ದು ಹೋಗಿದ್ದ, ವಾಪಸ್ ಬಂದ. ನೀವು ಹುಡುಕದೇ ಇದ್ದಿದ್ರೆ ಅವನು ಎದ್ದು ಹೋಗಿದ್ದು ಯಾರಿಗೆ ಗೊತ್ತಾಗ್ತಿತ್ತು? ದಾರಿ ಎಲ್ಲಾ ಸರಿ ಮಾಡಿ ಕೊನೇ ಸಾಲಲ್ಲಿ ಉತ್ತರ ತಪ್ಪಿದ ಹುಡುಗರಿಗೆ ನಾನು ಯಾವತ್ತೂ ಸೊನ್ನೆ ಕೊಟ್ಟಿಲ್ಲ."

ಮೇಷ್ಟ್ರು ಮೂಗೊರೆಸಿಕೊಂಡರು. "ಎಷ್ಟು ಕೊಡ್ತಿದ್ದೆ?"

"ಹತ್ತಕ್ಕೆ ಏಳು."

"ಎಂಟು ಕೊಡೇ."

"ಗಡ್ಡ ಮಾಡ್ಕೊಂಡು ಬನ್ನಿ, ನೋಡೋಣ."

ಲಕೋಟೆಯನ್ನು ಮಿಂಚಮ್ಮ ತಾನೇ ಒಯ್ದು ಸಮಿತಿಯ ಕಚೇರಿಯಲ್ಲಿ ಕೊಟ್ಟು, ಮುಟ್ಟಿತು ಎಂದು ರುಜು ಹಾಕಿಸಿಕೊಂಡು ಬಂದಳು. ಅಭಿಪ್ರಾಯ ಓದಿದ ಸಮಿತಿಯವರು ನಕ್ಕರೋ ತಲೆ ಕೆರೆದುಕೊಂಡರೋ ಗೊತ್ತಿಲ್ಲ. ಪುಸ್ತಕವನ್ನಂತೂ ಒಪ್ಪಿದರು. ಅಭಿಪ್ರಾಯದ ಪ್ರತಿಯನ್ನು ಮೇಷ್ಟ್ರ ಅನುಮತಿ ಕೇಳಿ ಚೂಟಿಗೂ ಕಳಿಸಿದರು.

ಮೂರು ವಾರ ಕಳೆದು, ಒಂದು ಬೆಳಿಗ್ಗೆ ಮೇಷ್ಟ್ರು ಹೊಸ ಒಂಬತ್ತನೆಯ ಅಧ್ಯಾಯದ ಮೊದಲ ಸಾಲನ್ನು ಏಳನೆಯ ಸಲ ಬದಲಾಯಿಸುತ್ತಿದ್ದಾಗ, ಕೋಣೆಯ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ನಲವತ್ತರ ಹತ್ತಿರದವಳು, ಅಲ್ಲಲ್ಲಿ ನರೆತ ಕೂದಲು, ಹೆಗಲಿಗೆ ದೊಡ್ಡ ಚೀಲ. ಅವಳ ಹಿಂದೆ ಮೇಷ್ಟ್ರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು.

"ಮೂರನೇ ಅಧ್ಯಾಯ ಯಾಕೆ ದಂಡ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ ಸಾರ್" ಎಂದಳು ಬಂದವಳು.

ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. "ಯಾಕೆ ಅಂದ್ರೆ, ಆರನೇ ಪ್ರತೀನ ನಾಲ್ಕನೇದರ ನಕಲು ಅಂತ ಬರೆದಿದೀಯ. ಅದು ಐದನೇದರ ನಕಲು. ಇಷ್ಟೂ ಗೊತ್ತಾಗ್ಲಿಲ್ವಾ?"

"ಅಲ್ಲ, ನಾಲ್ಕನೇದರದ್ದೇ."

"ತಗೀ ಫೈಲು!"

ಸರಿ, ಹತ್ತಿಕೊಂಡಿತು. ಒಂದು ಗಂಟೆ ಇಬ್ಬರೂ ಜಗಳವಾಡಿದರು. ಅವಳು ಫೈಲು ತೆಗೆದು ಸಾಲು ಸಾಲು ಓದುತ್ತಾಳೆ, ಅವರು ಮೇಜು ಗುದ್ದುತ್ತಾರೆ, ಅವಳು ಅದಕ್ಕಿಂತ ಜೋರಾಗಿ ಗುದ್ದುತ್ತಾಳೆ. ಮೇಷ್ಟ್ರಮ್ಮ ಎರಡು ಸಲ ಚಹಾ ತಂದಿಟ್ಟರು, ಎರಡು ಸಲವೂ ಆರಿತು. ಮಿಂಚಮ್ಮ ಇಬ್ಬರ ಮುಖವನ್ನೂ ನೋಡುತ್ತ, ಇಷ್ಟು ಖುಷಿಯಾಗಿ ಕಿರುಚಾಡುವವರನ್ನು ಯಾವ ಕೋರ್ಟಿನಲ್ಲೂ ಕಂಡಿಲ್ಲ ಅಂದುಕೊಂಡಳು. ಕೊನೆಗೆ ಐದನೆಯದೇ ಸರಿ ಎಂದಾಯಿತು. ಚೂಟಿ ಒಪ್ಪಿಕೊಂಡಳು. ಈಗ ಜಗಳಕ್ಕೆ ಏನೂ ಉಳಿದಿರಲಿಲ್ಲ.

ಮೇಷ್ಟ್ರು ಮೆಲ್ಲಗೆ ಕೇಳಿದರು. "ಒಂಬತ್ತು ವರ್ಷ. ಒಂದು ಕಾಗದ ಬರೀಬೇಕು ಅಂತ ನಿನಗೆ ಅನ್ನಿಸ್ಲೇ ಇಲ್ವಾ?"

"ಬರೆದಿದ್ದೆ ಸಾರ್. ಹೋದ ವರ್ಷಾನೇ."

"ಮತ್ತೆ ಕಳಿಸ್ಲಿಲ್ಲ?"

"ಅರ್ಧ ಬರೀ ಬೈಗುಳ ಇತ್ತು."

"ಇನ್ನರ್ಧ?"

ಚೂಟಿ ತಲೆ ತಗ್ಗಿಸಿದಳು. "ಬೈದಿದ್ದನ್ನ ಹರಿದು ಹಾಕಿ ಉಳಿದದ್ದು ಕಳಿಸೋಣ ಅಂದ್ಕೊಂಡೆ. ಆಗ್ಲಿಲ್ಲ. ಉಳಿದದ್ದನ್ನ ಹರಿದು ಬೈಗುಳಾನೇ ಕಳಿಸೋಣ ಅಂದ್ಕೊಂಡೆ. ಅದೂ ಆಗ್ಲಿಲ್ಲ. ಹಾಗೇ ಇಟ್ಕೊಂಡೆ."

"ಎಲ್ಲಿದೆ ಅದು?"

ಅವಳು ಚೀಲದಿಂದ ಮಡಿಸಿದ ಹಾಳೆಗಳನ್ನು ತೆಗೆದಳು. ಮಡಿಕೆಯ ಸದ್ದು ಮೇಷ್ಟ್ರಿಗೆ ಕೇಳಿಸಿತು. ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಓದು" ಎಂದರು. "ಬೈಗುಳದಿಂದಲೇ ಶುರು ಮಾಡು."